ಬಲಗಡೆಯ ಹನಿ

ಅಕ್ಕ ಅಡುಗೆಮನೆಯಲ್ಲಿ ಟೀಗೆ ನೀರಿಟ್ಟಿದ್ದಳು. ಆ ನೀರು ಕುದಿ ಬರುವಷ್ಟರಲ್ಲಿ ತಮ್ಮ ಅವಳ ಫೋನನ್ನು ಮೂರು ಸಲ ಕೈಗೆತ್ತಿಕೊಂಡು ಮೂರು ಸಲ ಕೆಳಗಿಟ್ಟ. ನಾಲ್ಕನೆಯ ಸಲ ಎತ್ತಿಕೊಂಡವನು ಕೆಳಗಿಡಲಿಲ್ಲ. ಫೋನಿಗೆ ಹೊಸ ಆವೃತ್ತಿ ಬಂದಿದೆ, ಬೇಕಾದರೆ ಈಗಲೇ ಹಾಕಿಕೊಳ್ಳಿ ಎಂದು ಪರದೆಯ ಮೇಲೆ ಸಣ್ಣಕ್ಷರದಲ್ಲಿ ಬರೆದಿತ್ತು. ಅವನ ಸ್ವಂತ ಫೋನಿಗೆ ಅದು ಬರಲು ಇನ್ನೂ ಒಂದು ತಿಂಗಳು ಕಾಯಬೇಕಿತ್ತು. ಇಲ್ಲಿ ನೋಡಿದರೆ, ಕಣ್ಣು ಕಾಣದ ಅಕ್ಕನ ಫೋನಿಗೆ ತಾನಾಗಿ ಬಂದು ಬಾಗಿಲು ತಟ್ಟುತ್ತಿತ್ತು.

ಹೊಸ ಸಾಮಾನು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ ಎಂಬುದು ನೆಂಟರಲ್ಲೆಲ್ಲ ಗೊತ್ತಿದ್ದ ಮಾತು. ಹತ್ತೊಂಬತ್ತು ವರ್ಷದಿಂದ ಅವನು ಪತ್ರಿಕೆಯೊಂದಕ್ಕೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದ. ಹೊಸದಾಗಿ ಬಂದ ಫೋನು, ಕ್ಯಾಮೆರಾ, ಸ್ಪೀಕರುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದಕ್ಕೆ ಕಾಯಬೇಕು, ಮೂಲೆ ಸೇರಿದ ಯಾವ ಹಳೆಯದಕ್ಕೆ ಎಳ್ಳುನೀರು ಬಿಡಬೇಕು ಎಂಬುದೇ ಅದರ ವಿಷಯ. ಕೊಂಡ ಪ್ರತಿಯೊಂದು ಸಾಮಾನಿನ ಡಬ್ಬಿಯನ್ನೂ, ಒಳಗಿನ ತೆಳು ಹಾಳೆ ಸಹಿತ, ಅವನು ಎತ್ತಿಡುತ್ತಿದ್ದ. ಹಾಗಾಗಿ ಮಕ್ಕಳ ಬಾಯಲ್ಲಿ ಅವನು ಡಬ್ಬಿ ಮಾವ. ಅವನ ಹೆಂಡತಿ ಬದುಕಿದ್ದಾಗ, ನಾನೂ ಹಳೇ ಮಾಡೆಲ್ಲೇ ಅಲ್ವಾ, ನನ್ನ ಡಬ್ಬಿ ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಿದ್ದಳಂತೆ. ಅವನು ನಗುತ್ತಿದ್ದನೇ ಹೊರತು ಉತ್ತರ ಕೊಟ್ಟದ್ದು ಯಾರಿಗೂ ನೆನಪಿಲ್ಲ.

ಅಕ್ಕನದು ಬೇರೆಯೇ ಜಾತಕ. ಮೂವತ್ತನಾಲ್ಕು ವರ್ಷ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ತಲೆಗೆ ಹೆಡ್‌ಸೆಟ್ ಏರಿಸಿ, ಎದುರಿನ ಹಲಗೆಯನ್ನು ನೋಡದೆಯೇ ಯಾವ ತೂತಿಗೆ ಯಾವ ವೈರು ಎಂದು ಚುಚ್ಚುತ್ತಿದ್ದವಳು. ನಿವೃತ್ತಿಯಾದ ಮೇಲೆ ಕಣ್ಣು ಒಂದೊಂದಾಗಿ ಮಬ್ಬಾದವು. ಈಗ ಕಿಟಕಿ ಎಲ್ಲಿದೆ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಆದರೂ ಮೂರನೆಯ ಮಹಡಿಯ ಆ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಳು. ಮಂಚದಿಂದ ಒಲೆಗೆ ಒಂಬತ್ತು ಹೆಜ್ಜೆ, ಸಕ್ಕರೆ ಡಬ್ಬಿಗೆ ರಬ್ಬರು ಬಳೆ, ಉಪ್ಪಿನದಕ್ಕೆ ಇಲ್ಲ. ಹೀಗೆ ಎಲ್ಲಕ್ಕೂ ಅವಳದೇ ಲೆಕ್ಕವಿತ್ತು.

ಅವಳ ಬಳಿ ಇದ್ದದ್ದು ಗುಂಡಿಗಳ ಹಳೆಯ ಫೋನು. ಐದರ ಗುಂಡಿಯ ಮೇಲಿನ ಉಬ್ಬು ಸಿಕ್ಕಿತೆಂದರೆ ಉಳಿದವು ಬೆರಳಿಗೆ ತಾನಾಗಿ ಸಿಗುತ್ತಿದ್ದವು. ಈ ವರ್ಷ ಕಂಪನಿಯವರು ಹಳೆಯ ನೆಟ್‌ವರ್ಕನ್ನೇ ಮುಚ್ಚುತ್ತೇವೆ ಎಂದರು. ಗುಂಡಿಗಳ ಕಾಲ ಮುಗಿಯಿತು, ಅತ್ತು ಪ್ರಯೋಜನವಿಲ್ಲ ಎಂದು ಇವನು ಅಂಕಣದಲ್ಲಿ ಅದನ್ನು ಸ್ವಾಗತಿಸಿದ. ಪಕ್ಕದ ಮನೆಯಾಕೆ ಓದಿ ಹೇಳಿದಾಗ ಅಕ್ಕ ಆ ಹಳೆಯ ಫೋನಿನಿಂದಲೇ ಅವನಿಗೆ ಕರೆ ಮಾಡಿ, ನನ್ನ ಬೆರಳಿಗೆ ಕಣ್ಣಿದೆ, ನಿನ್ನ ಗಾಜಿಗಿಲ್ಲ ಎಂದಿದ್ದಳು. ಅಷ್ಟು ಹೇಳಿ ಫೋನಿಟ್ಟಿದ್ದಳು.

ಹೊಸ ನೆಟ್‌ವರ್ಕಿಗೆ ಹೊಂದುವ ಗುಂಡಿ ಫೋನುಗಳೂ ಇದ್ದವು, ಇಲ್ಲವೆಂದಲ್ಲ. ಅವನೇ ಎರಡು ತಂದು ನೋಡಿದ. ಒಂದರ ದನಿ ಅಕ್ಕನ ಕಿವಿಗೆ ಸಾಲಲಿಲ್ಲ, ಇನ್ನೊಂದು ತಿಂಗಳು ತುಂಬುವ ಮೊದಲೇ ಕೆಟ್ಟಿತು. ನಿಜ ಹೇಳಬೇಕೆಂದರೆ, ಗಾಜೇ ಗೆಲ್ಲಲಿ ಎಂಬ ಆಸೆಯೂ ಅವನೊಳಗೆ ಒಂದಿಷ್ಟಿತ್ತು. ಕೊನೆಗೆ ಒಂದು ಗಾಜಿನ ಫೋನು ತಂದ. ಮುಟ್ಟಿದ್ದನ್ನೆಲ್ಲ ಓದಿ ಹೇಳುವ ದನಿಯೊಂದು ಅದರಲ್ಲಿತ್ತು. ಅಕ್ಕ ಎರಡೇ ದಿನಕ್ಕೆ ಬೇಸತ್ತು, ಮೂವತ್ತನಾಲ್ಕು ವರ್ಷ ಮನುಷ್ಯರ ದನಿ ಕೇಳಿದ್ದೇನೆ, ಇದರ ಬಾಯಿ ಮುಚ್ಚಿಸು ಎಂದಳು. ಆಗ ಅವನಿಗೆ ಉಗುರುಬಣ್ಣ ಹೊಳೆಯಿತು. ಕರೆ ಬಂದಾಗ ಪರದೆಯ ಕೆಳಗೆ ಎರಡು ದುಂಡು ಗುರುತು ಮೂಡುತ್ತಿದ್ದವು, ಬಲಕ್ಕೆ ಎತ್ತಿಕೊಳ್ಳುವುದು, ಎಡಕ್ಕೆ ನಿಲ್ಲಿಸುವುದು. ಆ ಎರಡು ಜಾಗದಲ್ಲಿ ಗಾಜಿನ ಮೇಲೆ ಒಂದೊಂದು ಹನಿ ಬಣ್ಣವಿಟ್ಟು ಒಣಗಿಸಿದ. ಒಣಗಿದ ಹನಿ ಬೆರಳಿಗೆ ಸಾಸಿವೆಕಾಳಿನಷ್ಟು ಉಬ್ಬಾಗಿ ಸಿಗುತ್ತಿತ್ತು.

ಆಮೇಲೆ ನಲವತ್ತು ದಿನ ಪಾಠ ನಡೆಯಿತು. ಅವನು ಅಡುಗೆಮನೆಯಲ್ಲಿ ನಿಂತು ಕರೆ ಮಾಡುವುದು, ಅವಳು ಹೊರಗೆ ಕುರ್ಚಿಯಲ್ಲಿ ಕೂತು ಹನಿ ಹುಡುಕುವುದು. ಮೊದಮೊದಲು ಬೆರಳು ನಡುಗಿ ಎಲ್ಲೆಲ್ಲೋ ತಗುಲುತ್ತಿತ್ತು. ಅವಳು ತನ್ನನ್ನೇ ಬೈದುಕೊಂಡು, ಇನ್ನೊಂದ್ಸಲ ಮಾಡು ಎನ್ನುತ್ತಿದ್ದಳು. ಕೊನೆಕೊನೆಗೆ ಎರಡನೆಯ ಗಂಟೆಗೇ ಎತ್ತಿಕೊಂಡು, ಹಳೆಯ ಕೆಲಸದ ಗತ್ತಿನಲ್ಲಿ, ಯಾವ ನಂಬರ್ ಬೇಕಿತ್ತು ಸರ್ ಎನ್ನುತ್ತಿದ್ದಳು. ಒಂದೇ ಊರಿನಲ್ಲಿದ್ದೂ ಹಬ್ಬಕ್ಕೊಮ್ಮೆ ಮಾತ್ರ ಮುಖ ನೋಡುತ್ತಿದ್ದ ಅಕ್ಕ ಅವನಿಗೆ ಆ ನಲವತ್ತು ದಿನಗಳಲ್ಲಿ ಮತ್ತೆ ಸಿಕ್ಕಿದ್ದಳು. ತಾನಾಗಿ ಕರೆ ಮಾಡುವುದು ಮುಂದಿನ ಪಾಠ ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಇಷ್ಟೆಲ್ಲ ಪಾಡು ಪಡಲು ಕಾರಣವಿತ್ತು. ಹೋದ ವರ್ಷ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಹನ್ನೊಂದು ಗಂಟೆ ಅಲ್ಲೇ ಇದ್ದಳು. ಐದು ಗಂಟೆ ಪ್ರಯಾಣದ ದೂರದಲ್ಲಿದ್ದ ಮಗಳು ಆಗಲೇ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಳು. ಅತ್ತು ಕರೆದು ಒಂದು ಕರಾರಾಯಿತು. ದಿನಾ ಬೆಳಿಗ್ಗೆ ಎಂಟಕ್ಕೆ ಮಗಳು ಕರೆ ಮಾಡಬೇಕು, ಅಮ್ಮ ಎತ್ತಬೇಕು. ಸತತ ಎರಡು ದಿನ ಎತ್ತದಿದ್ದರೆ ಮಗಳು ಬರುವುದು, ಅಮ್ಮ ಮಾತಿಲ್ಲದೆ ಅವಳ ಜೊತೆ ಹೊರಡುವುದು. ಮಗಳ ಮನೆಯಲ್ಲಿ ಪ್ರೀತಿಗೇನೂ ಕೊರತೆಯಿಲ್ಲ ಎಂದು ಅಕ್ಕನೇ ಹೇಳುತ್ತಿದ್ದಳು. ಆದರೆ ಅಲ್ಲಿ ಒಂದು ಲೋಟ ನೀರನ್ನೂ ತಾನಾಗಿ ತೆಗೆದುಕೊಳ್ಳಲು ಬಿಡುವುದಿಲ್ಲ, ಹಾಗೆ ಬದುಕುವುದಕ್ಕಿಂತ ಬಿದ್ದಲ್ಲೇ ಬಿದ್ದಿರುವುದು ವಾಸಿ ಎನ್ನುತ್ತಿದ್ದಳು.

ಇದೆಲ್ಲ ಗೊತ್ತಿದ್ದೂ ಅವನು ಆ ಶನಿವಾರ ಮಧ್ಯಾಹ್ನ, ಅಕ್ಕ ಟೀ ಮಾಡುತ್ತಿದ್ದಾಗ, ಹೊಸ ಆವೃತ್ತಿ ಹಾಕಲು ಒತ್ತಿದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಫೋನು ಕಪ್ಪಾಗಿ, ಅದರೊಳಗೊಂದು ಬಿಳಿ ಗೆರೆ ಆಮೆಯಂತೆ ತೆವಳತೊಡಗಿತು. ಅಕ್ಕ ಎರಡು ಲೋಟ ಟೀ ತಂದಿಟ್ಟು, ಯಾಕೋ ಮಾತೇ ಇಲ್ಲ, ಏನು ಮಾಡ್ತಿದ್ದೀಯ ಎಂದು ಕೇಳಿದಳು. ಏನಿಲ್ಲ, ನಿನ್ನ ಫೋನು ಒರೆಸ್ತಿದ್ದೀನಿ ಎಂದ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಹೊಸ ಬಣ್ಣ, ಹೊಸ ಅಕ್ಷರ, ಹೊಸ ಗಡಿಯಾರ. ಅವನು ತನ್ನ ಫೋನಿನಲ್ಲಿ ಎಲ್ಲದರ ಫೋಟೋ ತೆಗೆದುಕೊಂಡ. ಅವಳ ಫೋನಿನಿಂದ ತನ್ನದಕ್ಕೊಂದು ಕರೆ ಹೋಗುತ್ತದೆಯೇ ನೋಡಿದ, ಹೋಯಿತು. ತನ್ನದರಿಂದ ಅವಳದಕ್ಕೆ ಮಾಡಿ ನೋಡಲಿಲ್ಲ. ಸೋಮವಾರದ ಬರಹಕ್ಕೆ ಸರಕು ಸಿಕ್ಕಿತೆಂದು ಹಗುರಾಗಿ ಮೆಟ್ಟಿಲಿಳಿದು ಹೋದ.

ಸೋಮವಾರ ಬೆಳಿಗ್ಗೆ ಕೂತು ಬರೆದ. ಕಂಪನಿಯವರು ಕೊಟ್ಟಿದ್ದ ಬದಲಾವಣೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ತನ್ನ ಮಾತಿನಲ್ಲಿ ಹಿಗ್ಗಿಸಿದ. 'ಕೈ ತಗುಲಿ ಕರೆ ತಾನಾಗಿ ಎತ್ತಿಕೊಳ್ಳುವ ಹಳೆಯ ಕಾಟ ಇನ್ನಿಲ್ಲ' ಎಂಬ ಸಾಲು ಅವನಿಗೇ ಹಿಡಿಸಿತು. ಮಧ್ಯಾಹ್ನದೊಳಗೆ ಕಳಿಸಿಯೂ ಆಯಿತು.

ಸಂಜೆ ಅಕ್ಕನ ಮಗಳ ಕರೆ ಬಂತು. ಅವಳು ಆಗಲೇ ಅಮ್ಮನ ಮನೆಯಲ್ಲಿದ್ದಳು. ಭಾನುವಾರ ಅಮ್ಮ ಫೋನೆತ್ತಲಿಲ್ಲವಂತೆ. ಪಕ್ಕದ ಮನೆಯಾಕೆಯನ್ನು ಕಳಿಸಿ ಕೇಳಿದರೆ, ಸ್ನಾನ ಮಾಡ್ತಿದ್ದೆ ಎಂದಳಂತೆ. ಸೋಮವಾರವೂ ಎತ್ತಲಿಲ್ಲ, ಸೋಮವಾರವೂ ಸ್ನಾನ. ಮಗಳು ಮುಂದಿನ ಬಸ್ಸು ಹಿಡಿದಿದ್ದಳು. ಅಮ್ಮ ಚೆನ್ನಾಗೇ ಇದ್ದಾಳೆ, ಮರೆತುಹೋಯಿತು ಅಂತಾಳೆ, ಮರೆಯೋಕೆ ಶುರುವಾದರೆ ಇನ್ನು ಒಬ್ಬಳನ್ನೇ ಹೇಗೆ ಬಿಡಲಿ ಮಾವ ಎಂದಳು. ಅವಳ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ದಣಿವಿತ್ತು.

ಮಂಗಳವಾರ ಬೆಳಿಗ್ಗೆ ಅವನು ಹೋದಾಗ ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು. ಅಕ್ಕ ಕುರ್ಚಿಯಲ್ಲಿದ್ದಳು. ಅವಳ ತೊಡೆಯ ಮೇಲೆ ಫೋನಿತ್ತು. ಅವನು ಸಲುಗೆಯಿಂದಲೇ, ಏನಕ್ಕ ನಲವತ್ತು ದಿನದ ಪಾಠ ನೀರಲ್ಲಿ ಹೋಮ ಮಾಡಿದೆಯಲ್ಲ ಎಂದ. ಅವಳು ನಗಲಿಲ್ಲ. ಬೆರಳು ಮಂಕಾಗಿದೆ, ವಯಸ್ಸಾಯ್ತಲ್ಲ ಎಂದಳು. ಹಾಗಾದರೆ ಇನ್ನೊಮ್ಮೆ ನೋಡೇಬಿಡೋಣ ಎಂದು ಅವನು ಎಂದಿನಂತೆ ಅಡುಗೆಮನೆಗೆ ಹೋಗಿ ಅಲ್ಲಿಂದ ಕರೆ ಮಾಡಿದ.

ಫೋನು ಹೊಡೆದುಕೊಂಡಿತು. ಎರಡು ಸಲ, ಐದು ಸಲ, ನಿಲ್ಲಲಿಲ್ಲ. ಅವನು ಹೊರಗೆ ಇಣುಕಿದ. ಅಕ್ಕನ ಬೆರಳು ಬಲಗಡೆಯ ಹನಿಯ ಮೇಲೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅವಳು ಒತ್ತುತ್ತಿದ್ದಳು, ಬಿಡುತ್ತಿದ್ದಳು, ತುಟಿ ಕಚ್ಚಿ ಮತ್ತೆ ಒತ್ತುತ್ತಿದ್ದಳು. ಹನಿಯ ಕೆಳಗೆ ಗುರುತೇ ಇರಲಿಲ್ಲ. ಪರದೆಯ ನಡುವೆ ಒಂದು ಪಟ್ಟಿ, ಅದರೊಳಗೊಂದು ಬಾಣ, ಬಲಕ್ಕೆ ಎಳೆದರೆ ಮಾತ್ರ ಕರೆ ಸಿಗುವುದು. ಕೈ ತಗುಲಿ ಎತ್ತಿಕೊಳ್ಳುವ ಕಾಟ ಇನ್ನಿಲ್ಲ ಎಂದು ನಿನ್ನೆ ತಾನೇ ಬರೆದದ್ದು ಅವನಿಗೆ ನೆನಪಾಯಿತು. ಬರೆಯುವಾಗ ಅಕ್ಕನ ಬೆರಳು ಅವನ ತಲೆಗೆ ಒಮ್ಮೆಯೂ ಬಂದಿರಲಿಲ್ಲ.

ಮುಚ್ಚಿಡಬಹುದಿತ್ತು. ಇಬ್ಬರಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅವನು ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದ. ಶನಿವಾರ ಒರೆಸುತ್ತಿರಲಿಲ್ಲ ಎಂದೂ ಹೇಳಿದ. ಮಗಳು ಮಡಚುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ನಿಂತಳು.

ಅಕ್ಕ ಫೋನನ್ನು ಮಗುಚಿಟ್ಟಳು.

"ಎರಡು ದಿನ ನನ್ನ ಬೆರಳೇ ಕೆಟ್ಟಿತು ಅಂದ್ಕೊಂಡೆ ಕಣೋ. ರಾತ್ರಿ ನಿದ್ದೆ ಮಾಡಿಲ್ಲ. ಪಕ್ಕದವಳ ಹತ್ರ ನಿನಗೆ ಫೋನ್ ಮಾಡಿಸೋಣ ಅಂದ್ರೆ, ಕಲಿಸಿದವನಿಗೆ ಏನು ಮುಖ ತೋರಿಸಲಿ ಅಂತ ನಾಚಿಕೆ. ಒಂದು ಮಾತು ಹೇಳಬಾರದಿತ್ತಾ?"

ಅವನಿಗೆ ಅತ್ತುಬಿಟ್ಟರೆ ಹಗುರವಾದೀತು ಅನ್ನಿಸಿತು, ಆದರೆ ಅಳುವ ಹಕ್ಕು ತನಗಿಲ್ಲ ಎಂದೂ ಅನ್ನಿಸಿತು. ಕೈಲಾದದ್ದು ಮಾಡುವವನಂತೆ, ಆ ಪಟ್ಟಿಯ ಉದ್ದಕ್ಕೂ ಹನಿಗಳನ್ನಿಡುತ್ತೇನೆ, ದಿನಾ ಬಂದು ಕೂರುತ್ತೇನೆ, ಹದಿನೈದು ದಿನದಲ್ಲಿ ಎಳೆಯುವುದನ್ನು ಕಲಿಸುತ್ತೇನೆ ಎಂದು ಅಕ್ಕನ ಮಗಳಿಗೆ ಹೇಳಿದ. ತಪ್ಪು ಅಕ್ಕನದಲ್ಲ ಎಂದ ಮೇಲೆ ಕರಾರು ಮುರಿದಂತಲ್ಲ ಎಂದೂ ವಾದಿಸಿದ. ಅವಳು ಸೀರೆಯನ್ನು ಮಂಚದ ಮೇಲಿಟ್ಟು, ಕೋಪವಿಲ್ಲದೆ, ನೀವು ಮಾಡದಿದ್ದರೂ ಅದು ಇವತ್ತಲ್ಲ ನಾಳೆ ತಾನಾಗಿ ಬದಲಾಗುತ್ತಿರಲಿಲ್ಲವೇ ಮಾವ ಎಂದು ಕೇಳಿದಳು. ಬದಲಾಗುತ್ತಿತ್ತು. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರಿದ್ದರು?

"ಹಿಂದಿನದನ್ನೇ ವಾಪಸ್ ಹಾಕಕ್ಕಾಗಲ್ವಾ?" ಎಂದಳು ಅಕ್ಕ.

"ಆಗಲ್ಲ ಅಕ್ಕ. ಅವರು ಬಿಡಲ್ಲ."

"ಹೋಗ್ಲಿ, ಎಳೆಯೋದನ್ನೇ ಕಲೀತೀನಿ. ಆಮೇಲೆ ಬದಲಾಗಲ್ಲ ಅಂತ ಮಾತು ಕೊಡ್ತೀಯಾ?"

ಕೋಣೆಯಲ್ಲಿ ಮೂವರೂ ಅವನ ಬಾಯಿಗಾಗಿ ಕಾದರು, ಅವನೂ ಸೇರಿ. ಕೊಡ್ತೀನಿ ಎಂದಿದ್ದರೆ ಅಕ್ಕ ಮಗಳೊಡನೆ ಜಗಳಕ್ಕೆ ನಿಲ್ಲುತ್ತಿದ್ದಳು, ಮಗಳು ಸೋಲುತ್ತಿದ್ದಳೇನೋ. ಇನ್ನು ಆರು ತಿಂಗಳಿಗೆ ಮುಂದಿನ ಆವೃತ್ತಿ ಬರುವುದು, ಅದರಲ್ಲಿ ಪಟ್ಟಿ ಇರುವುದೋ ಇನ್ನೇನಿರುವುದೋ ಅದನ್ನು ಮಾಡಿದವರಿಗೇ ಗೊತ್ತಿಲ್ಲದಿರುವುದು, ಬಂದದ್ದನ್ನು ತಾನೇ ಮೊದಲು ಹೊಗಳಿ ಬರೆಯುವುದು, ಎಲ್ಲ ಅವನ ಕಣ್ಣ ಮುಂದೆ ಬಂದವು. ಶನಿವಾರ ಅಷ್ಟು ಸಲೀಸಾಗಿ ಬಂದಿದ್ದ ಸುಳ್ಳು ಇವತ್ತು ಬರಲಿಲ್ಲ. ಅಕ್ಕ ಮೂವತ್ತನಾಲ್ಕು ವರ್ಷ ತಂತಿಯ ಆಚೆಗಿನ ಮೌನಗಳನ್ನು ಕೇಳಿ ಪಳಗಿದವಳು. ಇದನ್ನೂ ಕೇಳಿಸಿಕೊಂಡಳು.

"ಆ ಕಂದು ಶಾಲು ಮೇಲೇ ಇಡಮ್ಮ. ದಾರಿಯಲ್ಲಿ ಚಳಿಯಾಗುತ್ತೆ," ಎಂದು ಮಗಳಿಗೆ ಹೇಳಿದಳು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಪಕ್ಕದ ಮನೆಯಾಕೆ ಬಂದು ಕಣ್ಣೊರೆಸಿಕೊಂಡು ಬೀಗದ ಕೈ ಇಸಿದುಕೊಂಡಳು. ಅಕ್ಕ ಒಲೆಯ ಗ್ಯಾಸನ್ನು ತಾನೇ ಹೋಗಿ ಮುಚ್ಚಿ, ಎರಡು ಸಲ ಮುಟ್ಟಿ ನೋಡಿ ಬಂದಳು. ಮೂರು ಮಹಡಿಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ, ಕಂಬಿಯ ಮೇಲೆ ಬೆರಳಾಡಿಸುತ್ತ ಇಳಿದಳು. ಸೂಟ್‌ಕೇಸು ಹೊತ್ತು ಹಿಂದೆ ಬರುತ್ತಿದ್ದ ಅವನಿಗೆ ಅವಳ ಬೆನ್ನು ಎಂದಿಗಿಂತ ನೆಟ್ಟಗೆ ಕಂಡಿತು. ಎಲ್ಲೂ ಎಡವಲಿಲ್ಲ.

ಬೀದಿಯಲ್ಲಿ ಬಾಡಿಗೆ ಕಾರು ಕಾಯುತ್ತಿತ್ತು. ಮಗಳು ಅಮ್ಮನ ತಲೆಗೆ ತಾಗದಂತೆ ಅಂಗೈ ಅಡ್ಡವಿಟ್ಟು ಕೂರಿಸಿದಳು, ಬೆಲ್ಟು ಎಳೆದು ಸಿಕ್ಕಿಸಿದಳು, ಕಾಲಿನ ಮೇಲೆ ಶಾಲು ಹೊದಿಸಿದಳು. ಸೂಟ್‌ಕೇಸನ್ನು ಡಿಕ್ಕಿಯಲ್ಲಿ ಹೊಂದಿಸುತ್ತ ಅಲ್ಲಿಂದಲೇ, ಅಮ್ಮನಿಗೆ ನೀರು ಬೇಕಾ ಕೇಳಿ ಮಾವ ಎಂದಳು. ಅವನು ಬಗ್ಗಿ ಕೇಳಿದ. ಅಕ್ಕ ಬೇಡವೆಂದು ತಲೆಯಾಡಿಸಿದಳು. ಇನ್ನೇನಾದರೂ ಹೇಳುವಳೇನೋ ಎಂದು ಅವನು ಹಾಗೇ ಬಗ್ಗಿ ನಿಂತ. ಡ್ರೈವರು ಎಂಜಿನ್ ಶುರು ಮಾಡಿದ.

ಅವಳ ಕಡೆಯ ಬಾಗಿಲು ಇನ್ನೂ ತೆರೆದೇ ಇತ್ತು. ಹಿಡಿ ಅವಳ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅಕ್ಕ ಎರಡೂ ಕೈಗಳನ್ನು ಶಾಲಿನ ಮೇಲಿಟ್ಟುಕೊಂಡು, ಮುಖ ಮುಂದಕ್ಕೆ ಮಾಡಿ, ಯಾರಾದರೂ ಬಾಗಿಲು ಹಾಕಲೆಂದು ಕಾಯುತ್ತ ಕೂತಿದ್ದಳು. ಅವನು ಹಾಕಿದ.