ಸಡಿಲಾದ ಚಪ್ಪಲಿ

ಉಮಾವತಿ ಬಲಗಾಲನ್ನು ತುಸು ಮೇಲೆತ್ತಿ ಆಡಿಸಿದಳು. ಚಪ್ಪಲಿ ಹಿಮ್ಮಡಿಯಿಂದ ಕಳಚಿ ಬೆರಳ ತುದಿಗೆ ನೇತಾಡಿತು.

“ನೋಡ್ರಿ,” ಎಂದಳು ಗಂಡನಿಗೆ. “ಭಾಳ ಸಡಲ ಆಗ್ಯಾವ. ಹಿಂಗ ಆದ್ರ ಇನ್ನೊಮ್ಮೆ ಹೆಂಗಸರ ಚಪ್ಪಲಿ ಹಾಕ್ಕೋಬಹುದು.”

ಮಹಾಲಿಂಗ “ಹೂಂ” ಎಂದು ಗೋಡೆಯ ಗಡಿಯಾರ ನೋಡಿದ. ಉಸಿರು ಬಿಟ್ಟು ಮತ್ತೆ ಅದನ್ನೇ ನೋಡಿದ. ಆಸ್ಪತ್ರೆಯ ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ. ಎದ್ದು ಅಡ್ಡಾಡಿದರೆ ಅವಳು ಏಕೆಂದು ಕೇಳುತ್ತಾಳೆಂಬ ಅಳುಕು.

ಕೆಲವು ವರ್ಷಗಳಿಂದ ಉಮಾವತಿಯ ಕೈಕಾಲು ಬೆಳೆಯುತ್ತಿದ್ದವು. ಮೊದಲು ಉಂಗುರ ಸಿಕ್ಕಿಕೊಂಡಿತು, ಆಮೇಲೆ ದವಡೆ ಮುಂದೆ ಬಂತು. ಮಿದುಳಿನ ಬುಡದಲ್ಲಿರುವ ಗಂಟಿನ ಕಾಯಿಲೆ ಇದು ಎಂದು ತಿಳಿಯುವಷ್ಟರಲ್ಲಿ ಅವಳು ಗಂಡಸರ ಚಪ್ಪಲಿ ಕೊಳ್ಳುವಂತಾಗಿತ್ತು. “ಗುಡಿ ಮುಂದ ಬಿಟ್ರ ಯಾರೂ ಕದಿಯೂದಿಲ್ಲ ಬಿಡ್ರಿ,” ಎಂದು ತಾನೇ ನಗೆಯಾಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಆಪರೇಷನ್ ಆಯಿತು. ಗಂಟು ಪೂರ್ತಿ ಹೋಗಲಿಲ್ಲ. ಉಳಿದದ್ದು ಬೆಳೆದರೆ ಕಣ್ಣಿನ ನರಕ್ಕೆ ತಾಗುತ್ತದೆ ಎಂದಿದ್ದರು.

ಇನ್ನೊಂದು ಆಪರೇಷನ್ನಿಗೆ ಮುಂಚೆ ಔಷಧ ನೋಡೋಣ ಎಂದವರು ಡಾಕ್ಟರ್ ನೀಲಿಮಾ. ಅದು ನಾಟುತ್ತದೋ ಇಲ್ಲವೋ ಮೊದಲೇ ತಿಳಿಯಲು ಸಣ್ಣದೊಂದು ಸೂಜಿ ಚುಚ್ಚಿ, ತಾಸಿಗೊಮ್ಮೆ ರಕ್ತ ತೆಗೆದು ನೋಡಿದರು. ಕೈಕಾಲು ಬೆಳೆಸುವ ಹಾರ್ಮೋನು ಇಳಿದಿತ್ತು, ಆದರೆ ಅರ್ಧ ಮಾತ್ರ. ಪೂರ್ತಿ ಇಳಿದವರಿಗೆ ಬಹುತೇಕ ನಾಟುತ್ತದೆ, ಇಳಿಯದವರಿಗೆ ನಾಟುವುದು ಕಷ್ಟ. ನಡುವೆ ನಿಂತವರ ಬಗ್ಗೆ ಹೇಳಲಾಗದು, ತಿಂಗಳಿಗೊಂದರಂತೆ ಮೂರು ಸೂಜಿ ಕೊಟ್ಟೇ ನೋಡಬೇಕು ಎಂದರು.

ಎರಡನೆಯದಕ್ಕೇ ಹೊಟ್ಟೆ ಕೆಟ್ಟು ಉಮಾವತಿ ಸೋತುಹೋದಳು. “ನನಗ ಇದು ನಾಟವಲ್ದು. ಇನ್ನ ಒಲ್ಲೆ,” ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಎಷ್ಟು ಹೇಳಿದರೂ ಏಳಲಿಲ್ಲ.

ದುಡಿಯಲು ಮರಾಠಿ ಸೀಮೆಗೆ ಬಂದ ಮಹಾಲಿಂಗ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಅಂಗಡಿಯಲ್ಲಿ ಗುಮಾಸ್ತ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ಬಾಗಿಲಿಗೆ ಬೀಗ ಹಾಕಿದರೂ ನಾಲ್ಕು ಹೆಜ್ಜೆ ಹೋಗಿ ಮರಳಿ ಬಂದು ಜಗ್ಗಿ ನೋಡುವ ಸ್ವಭಾವ. ಅಂಥವನು ಅವಳದೇ ಥರದ ಕಂದು ಚಪ್ಪಲಿಯನ್ನು ಒಂದು ನಂಬರು ದೊಡ್ಡದು ತಂದ. ಒಳಗಿನ ನಂಬರನ್ನು ಬ್ಲೇಡಿನಿಂದ ಕೆರೆದ. ಹಳತಾಗಲೆಂದು ತಾನೇ ಹಾಕಿಕೊಂಡು ಯಾರ್ಡಿನಲ್ಲಿ ತಿರುಗಿದ.

“ಏನ್ರಿ ಸಾಹೇಬ್ರ,” ಎಂದಿದ್ದ ಹಮಾಲ ಮಲಕಪ್ಪ, “ಹೊಸಾ ಚಪ್ಪಲಿ ಮ್ಯಾಲ ಏನ್ ಸಿಟ್ಟರಿ? ರಾಡಿ ಹುಡುಕಿ ಹುಡುಕಿ ತುಳಿಯಾಕತ್ತೀರಿ.”

ಮನೆ ಬಾಗಿಲಲ್ಲಿ ಜೋಡಿ ಬದಲಿಸಿಟ್ಟ ಮರುದಿನ, ಹಾಲು ತರಲು ಹೋದ ಉಮಾವತಿ ಪಟಪಟನೆ ಸದ್ದು ಮಾಡುತ್ತ ಮರಳಿದಳು. ಮೂರನೆಯ ಸೂಜಿಯನ್ನು ತಾನಾಗಿಯೇ ಕೇಳಿ ಚುಚ್ಚಿಸಿಕೊಂಡಳು.

ಆಸ್ಪತ್ರೆಯಲ್ಲಿ ಉಮಾವತಿಯ ಹೆಸರು ಕರೆದರು.

ನೀಲಿಮಾ ರಕ್ತದ ರಿಪೋರ್ಟು ನೋಡಿ ಮರಾಠಿಯಲ್ಲಿ ಹೇಳಿದರು: “ತುಸು ಇಳಿದಿದೆ. ಇಷ್ಟರಿಂದಲೇ ಏನೂ ಹೇಳಲಾರೆ. ನಿಮಗೆ ಹೇಗನಿಸುತ್ತದೆ, ಉಮಾತಾಯಿ?”

ಉಮಾವತಿ ಕಾಲು ಚಾಚಿ ಆಡಿಸಿದಳು. ಚಪ್ಪಲಿ ನೆಲಕ್ಕೆ ಬಿತ್ತು.

ಡಾಕ್ಟರು ನಕ್ಕರು. “ಬಾವು ಇಳಿಯುತ್ತಿದೆ ಹಾಗಾದರೆ. ಆರು ತಿಂಗಳು ಇದನ್ನೇ ನಡೆಸೋಣ. ಆಪರೇಷನ್ ಈಗ ಬೇಡ.” ಪೆನ್ನು ತೆಗೆದು ಬರೆಯತೊಡಗಿದರು.

ಉಮಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಹಾಲಿಂಗ ಆ ಕಣ್ಣುಗಳನ್ನೇ ನೋಡಿದ. ಔಷಧ ನಿಜಕ್ಕೂ ನಾಟಿದ್ದರೂ ನಾಟಿರಬಹುದು. ಅದನ್ನು ತಿಳಿಯುವ ದಾರಿಯನ್ನೇ ತಾನು ಕೆಡಿಸಿದ್ದ.

“ಡಾಕ್ಟರ್, ಥಾಂಬಾ,” ಎಂದು ತಡೆದ. ಮುಂದಕ್ಕೆ ಮರಾಠಿ ಬಾಯಿಗೆ ಬರಲಿಲ್ಲ. ಹೆಂಡತಿಯ ಕಡೆ ತಿರುಗಿದ. “ಚಪ್ಪಲಿ ನಾ ಬದಲ ಮಾಡೇನಿ, ಉಮಾ. ನೀ ಸೂಜಿ ಬಿಡಬಾರ್ದು ಅಂತ. ಇವು ಒಂದು ನಂಬರ ದೊಡ್ಡವು.”

ಆಮೇಲೆ ಅದನ್ನೇ ಮರಾಠಿಯಲ್ಲಿ ತೊದಲಿದ. ನೀಲಿಮಾ ಬರೆದದ್ದಕ್ಕೆ ಗೀಟು ಎಳೆದರು. ತಲೆಯ ಸ್ಕ್ಯಾನ್ ಆಗಲಿ, ಆಮೇಲೆ ತೀರ್ಮಾನಿಸೋಣ ಎಂದರು.

ಹೊರಗೆ ಬಂದ ಮೇಲೆ ಉಮಾವತಿ ಒಂದೇ ಮಾತು ಕೇಳಿದಳು: “ನನ್ನವು ಎಲ್ಲಿ ಅದಾವ?”

“ಅಂಗಡ್ಯಾಗ. ಒಗೀಲಿಕ್ಕೆ ಮನಸಾಗಲಿಲ್ಲ.”

ರಿಕ್ಷಾದಲ್ಲಿ ಅವಳು ಹೊರಗೆ ನೋಡುತ್ತ ಕೂತಳು. ಸ್ವಾರಗೇಟ್ ದಾಟಿದ ಮೇಲೆ, ಅವನ ಕಡೆ ತಿರುಗದೆಯೇ ಹೇಳಿದಳು: “ನನ್ನ ಕಾಲು ನನಗ ತಿಳಿಯದಂಗ ಮಾಡಿದ್ರಿ.”

ಅವನು ರಿಕ್ಷಾವನ್ನು ಅಂಗಡಿಯ ಕಡೆ ತಿರುಗಿಸಲು ಹೇಳಿದ.

ಅಂಗಡಿಯಲ್ಲಿ ಖಾಲಿ ಗೋಣಿಗಳ ಹಿಂದಿನಿಂದ ಹಳೆಯ ಜೋಡಿಯನ್ನು ತಂದು, ಧೂಳು ಕೊಡವಿ ಅವಳ ಮುಂದೆ ಇಟ್ಟ. ಮಲಕಪ್ಪ ಎರಡೂ ಜೋಡಿ ನೋಡಿ, ಚೀಲ ಹೊತ್ತು ಆಚೆ ನಡೆದ. ಉಮಾವತಿ ಉಳ್ಳಾಗಡ್ಡಿ ಚೀಲದ ಮೇಲೆ ಕೂತು, ಕಾಲಲ್ಲಿದ್ದುದನ್ನು ಬದಿಗೆ ಸರಿಸಿದಳು.

“ಹಿಡೀರಿ. ಸಡಲ ಆಗ್ಯಾವೋ ಇಲ್ಲೋ ಇವೇ ಹೇಳ್ಲಿ,” ಎಂದಳು.

ಮಹಾಲಿಂಗ ಕುಕ್ಕರಗಾಲಿನಲ್ಲಿ ಕೂತು ಹಳೆಯ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದ. ಅವಳು ಬೆರಳು ತೂರಿಸಿದಳು. ಪಟ್ಟಿಯ ಕೆಳಗೆ ಪಾದ ಮೆಲ್ಲಗೆ ಮುಂದೆ ಸರಿಯಿತು. ಹಿಮ್ಮಡಿ ಇನ್ನೂ ಕೆಳಗೆ ಊರಿರಲಿಲ್ಲ.