ಕೇಕಿಗೆ ಹೇಳುವ ಮಾತು

ನನ್ನ ಅಮ್ಮ ಬಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಂಡದ್ದು ಪಾಠ ಹೇಳುವಾಗ. ನಗಬೇಡಿ, ನಾನು ಒಮ್ಮೆ ನಕ್ಕು ಅನುಭವಿಸಿದ್ದೇನೆ. ಜೀವಮಾನವಿಡೀ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು, ನಿವೃತ್ತಿಯಾದ ಮೇಲಾದರೂ ಬಾಯಿ ಮುಚ್ಚಿಕೊಂಡು ಕಂಬಿ ಹಿಡಿದು ನಿಲ್ಲಬಾರದೆ? ಬ್ರೇಕ್ ಹಾಕಿದರೆ ನಾವೇಕೆ ಮುಂದಕ್ಕೆ ಮುಗ್ಗರಿಸುತ್ತೇವೆ ಎಂದು ಪಕ್ಕದ ಸೀಟಿನ ಹುಡುಗಿ ಕೇಳಿದಳಂತೆ. ಅಷ್ಟು ಸಾಕಾಯಿತು.

"ಬಸ್ಸು ನಿಂತ್ರೂ ನಮ್ಮ ಮೈ ಹೋಗ್ತಾನೇ ಇರುತ್ತೆ ಪುಟ್ಟಿ. ಅದಕ್ಕೆ ಜಡತ್ವ ಅಂತಾರೆ," ಎಂದು ಅಮ್ಮ ಎರಡೂ ಕೈ ಬಿಟ್ಟು ತೋರಿಸಿದ್ದಾಳೆ. ಅದೇ ಗಳಿಗೆಗೆ ಡ್ರೈವರ್ ಬ್ರೇಕ್ ಹಾಕಿದ್ದಾನೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮತ್ತೆ ನಡೆಯಲು ಕಲಿಸುವ ಆರೈಕೆ ಕೇಂದ್ರದಲ್ಲಿ ವಾಕರ್ ಹಿಡಿದು ವರಾಂಡದ ಉದ್ದಕ್ಕೂ ಓಡಾಡುವಷ್ಟು ಸುಧಾರಿಸಿಕೊಂಡಳು. ಆದರೆ ನಮ್ಮ ಮನೆಗೆ ಹೋಗೋಣ ಎಂದರೆ ಜಪ್ಪಯ್ಯ ಅಂದರೂ ಒಪ್ಪಳು. ಆಸ್ಪತ್ರೆಯಿಂದ ಅಲ್ಲಿಗೆ ಕರೆತಂದ ಆಂಬುಲೆನ್ಸ್ ಪ್ರತಿ ತಿರುವಿನಲ್ಲೂ ಅವಳ ಜೀವ ಹಿಂಡಿತ್ತು.

"ಇಲ್ಲೇ ಇದ್ದುಬಿಡ್ತೀನಿ ಬಿಡೇ," ಎಂದಳು. "ಆ ಜಡತ್ವದ ನಿಯಮಕ್ಕೆ ಕರುಣೆ ಅನ್ನೋದೇ ಇಲ್ಲ."

ಭಯ ಎಂಬ ಮಾತನ್ನು ಮಾತ್ರ ಆಡಲಿಲ್ಲ. ಅಮ್ಮ ಇನ್ನು ಯಾರದೋ ಕಟ್ಟಡದಲ್ಲಿ, ಯಾರದೋ ಹಾಸಿಗೆಯ ಮೇಲೆ ಮುದುಕಿಯಾಗುತ್ತಾಳೆ ಎನ್ನಿಸಿ, ನಾನು ಅಲ್ಲಿಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ನನ್ನ ಗಂಡ ಬೇಕರಿಯ ವ್ಯಾನ್ ಓಡಿಸುತ್ತಾನೆ. ಅವನನ್ನು ಕಂಡರೆ ಅಮ್ಮನಿಗೆ ಅಷ್ಟಕ್ಕಷ್ಟೇ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಬಾಯಲ್ಲಿ ಅವನು 'ನಿನ್ನ ಗಂಡ'. ಅಳಿಯ ಎಂದದ್ದೇ ಇಲ್ಲ. ಬೇಕರಿಯಲ್ಲಿ ಅವನಿಗೆ 'ಆಮೆ' ಎಂದು ಹೆಸರು. ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಕೇಕುಗಳನ್ನು ಕೆನೆ ಕದಡದ ಹಾಗೆ ತಲುಪಿಸುವವನು ಆಮೆಯಾಗದೆ ಇನ್ನೇನಾದಾನು? ಅವನದೊಂದು ಚಾಳಿಯಿದೆ. ಹಿಂದೆ ಕೂತಿರುವ ಕೇಕಿಗೆ ದಾರಿಯುದ್ದಕ್ಕೂ ಮುಂಚಿತವಾಗಿಯೇ ಹೇಳುತ್ತ ಹೋಗುತ್ತಾನೆ: ಎಡಕ್ಕೆ ತಿರುಗ್ತೀವಿ, ಈಗ ಉಬ್ಬು ಬರುತ್ತೆ, ಈಗ ನಿಲ್ತೀವಿ. ಹಾಗೆ ಬಾಯಿಬಿಟ್ಟು ಹೇಳಿದರೆ ಬ್ರೇಕಿನ ಮೇಲಿನ ಕಾಲು ತಾನಾಗಿಯೇ ಮೆತ್ತಗಾಗುತ್ತದಂತೆ. ತಲೆ ಕೆಟ್ಟಿದೆ ನಿಂಗೆ ಎಂದು ನಾನು ರೇಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಅವನು ವ್ಯಾನನ್ನು ಆರೈಕೆ ಕೇಂದ್ರದ ಬಾಗಿಲಿಗೇ ತಂದು ನಿಲ್ಲಿಸಿದ. ಮುಂದಿನ ಸೀಟಿಗೆ ಕೇಕಿನ ಕೆಳಗಿಡುವ ದಪ್ಪ ಸ್ಪಂಜು ಹಾಸಿದ್ದ. ತೋಳಲ್ಲಿ ದೊಡ್ಡದೊಂದು ರಟ್ಟಿನ ಡಬ್ಬ.

"ಅತ್ತೆ, ನಿಮಗೋಸ್ಕರ ಅಂತ ಬಂದಿಲ್ಲ. ಈ ಕೇಕ್ ನಮ್ಮ ಬೀದೀಲೇ ಒಂದು ಮನೆಗೆ ಕೊಡಬೇಕು. ಹೇಗೂ ಆ ಕಡೆ ಹೋಗ್ತಿದೀನಿ, ಅದರ ಜೊತೆ ಬರೋದಾದ್ರೆ ಬನ್ನಿ."

ನಾನು ಡಬ್ಬ ಇಸಿದುಕೊಂಡೆ. ಒಂದೇ ಕೈಗೆ ಬಂತು, ಹೂವಿನಷ್ಟು ಹಗುರ. ಒಳಗೆ ಏನೂ ಇರಲಿಲ್ಲ. ಬಾಯಿ ಬಿಟ್ಟೀಯ ಎನ್ನುವಂತೆ ಅವನು ನನ್ನ ಕಡೆ ನೋಡಿದ.

ಅಮ್ಮ ಬಹಳ ಹೊತ್ತು ಡಬ್ಬವನ್ನೇ ನೋಡಿದಳು. ಆಮೇಲೆ ವಾಕರ್ ಹಿಡಿದು ಎದ್ದಳು. ಅವಳನ್ನು ಮುಂದೆ ಕೂರಿಸಿ, ಬೆಲ್ಟ್ ಹಾಕಿ, ನಾನು ಡಬ್ಬದ ಜೊತೆ ಹಿಂದೆ ಕೂತೆ.

"ಹೊರಡ್ತೀವಿ. ಮೈ ಒಂಚೂರು ಹಿಂದಕ್ಕೆ ಹೋಗುತ್ತೆ," ಎಂದ ನನ್ನ ಗಂಡ.

"ಯಾರಿಗೆ ಹೇಳ್ತಿರೋದು?" ಅಮ್ಮ ಕೇಳಿದಳು.

"ಕೇಕಿಗೆ."

"ಕೇಕಿಗೆ ಕಿವಿ ಇದೆಯೇನಪ್ಪ?"

"ಇಲ್ದಿದ್ರೇನು ಅತ್ತೆ, ಹೇಳ್ದೆ ಕೇಳ್ದೆ ತಿರುಗಿಸೋದು ಸರಿನಾ?"

ಅಮ್ಮನ ಕೈ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು, ಬೆರಳುಗಳು ಬಿಳಿಚಿಕೊಂಡಿದ್ದವು. "ಎಡಕ್ಕೆ ತಿರುಗ್ತೀವಿ, ಮೈ ಬಲಕ್ಕೆ ವಾಲುತ್ತೆ," ಎಂದಾಗ ಹಲ್ಲು ಕಚ್ಚಿದಳು. ಮುಂದಿನ ತಿರುವಿಗೆ, ವ್ಯಾನ್ ತಿರುಗುವ ಮೊದಲೇ ತಾನೇ ಒಂದಿಷ್ಟು ಒರಗಿ ಕೂತಳು. ಉಬ್ಬು ಎಂದ ಕೂಡಲೇ ಅಂಗೈಯನ್ನು ಸೀಟಿಗೆ ಊರಿದಳು. ಮುಂದೆ ಏನು ಬರುತ್ತದೆಂದು ಗೊತ್ತಿದ್ದರೆ ಮೈಯೂ ಮಾತು ಕೇಳುತ್ತದೆ.

ಅಷ್ಟರಲ್ಲಿ ಒಂದು ನಾಯಿ ರಸ್ತೆಗೆ ನುಗ್ಗಿತು.

"ನಿಲ್ತೀವಿ!"

ಮಾತು, ಬ್ರೇಕು, ಅಮ್ಮನ ಎದೆಗೆ ಅಡ್ಡವಾಗಿ ಚಾಚಿದ ಅವನ ತೋಳು, ಮೂರೂ ಒಟ್ಟಿಗೇ ಆದವು. ನನ್ನ ತೊಡೆಯ ಮೇಲಿದ್ದ ಡಬ್ಬ ಎಗರಿ ಸೀಟಿನ ಬೆನ್ನಿಗೆ ಬಡಿದು ಕೆಳಗೆ ಉರುಳಿತು.

"ಅತ್ತೆ, ನೋವಾಯ್ತಾ?" ಅವನು ಕೇಳಿದ.

"ಇಲ್ಲ," ಎಂದಳು ಅಮ್ಮ. ಅವಳಿಗೇ ಆಶ್ಚರ್ಯವಾಗಿತ್ತು. ಡಬ್ಬದ ಕಡೆ ಅವನು ತಿರುಗಿಯೂ ನೋಡಲಿಲ್ಲ. ನಾಯಿ ಬಾಲ ಅಲ್ಲಾಡಿಸುತ್ತ ಆಚೆಗೆ ಹೋಯಿತು. ಅಲ್ಲಿಂದ ಮುಂದೆ ಅಮ್ಮನ ಕೈ ಹಿಡಿಯನ್ನು ಬಿಟ್ಟು ಮಡಿಲಿಗೆ ಬಂತು.

"ಮನೆ ಬಂತು. ನಿಧಾನಕ್ಕೆ ನಿಲ್ತೀವಿ."

ವ್ಯಾನ್ ನಿಂತದ್ದೇ ತಿಳಿಯಲಿಲ್ಲ. ನಾನು ಡಬ್ಬ ಎತ್ತಿಕೊಂಡು ಇಳಿದು ಮುಂದಿನ ಬಾಗಿಲು ತೆಗೆದೆ.

"ಕೇಕ್ ಕೊಡೋ ಮನೆ ಯಾವುದು?" ಅಮ್ಮ ಕೇಳಿದಳು.

ಅವನು ಸ್ಟೀರಿಂಗ್ ನೋಡುತ್ತ ಕೂತ.

"ಡಬ್ಬ ಖಾಲಿ ಅಂತ ಆಗಲೇ ಗೊತ್ತಾಯ್ತು. ಇವಳು ಒಂದೇ ಕೈಯಲ್ಲಿ ಎತ್ಕೊಂಡ್ಲಲ್ಲ. ದಾರಿ ಪೂರ್ತಿ ಯಾರಿಗೆ ಹೇಳ್ಕೊಂಡು ಬಂದೆ?"

"ನಿಮಗೇ ಅತ್ತೆ."

ಅಮ್ಮ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. ನಾನು ಇಳಿಸಿಕೊಳ್ಳಲು ಕೈ ಚಾಚಿದೆ. ಅವಳು ಕೈ ಕೊಡಲಿಲ್ಲ. ಬಾಗಿಲನ್ನು ತಾನೇ ಎಳೆದುಕೊಂಡಳು.

"ಅಳಿಯಂದ್ರೇ," ಎಂದಳು, "ಇನ್ನೊಂದು ಸುತ್ತು ಹೋಗಿಬರೋಣ್ವಾ?"

"ಹೊರಡ್ತೀವಿ ಅತ್ತೆ," ಎಂದ.

ನಾನು ಖಾಲಿ ಡಬ್ಬ ಹಿಡಿದು ಬೀದಿಯಲ್ಲೇ ನಿಂತಿದ್ದೆ. ಇಬ್ಬರೂ ನನ್ನನ್ನು ಮರೆತೇ ಹೊರಟುಹೋಗಿದ್ದರು.