ಒಲೆಯಾಕೆಯ ಮಣಿಸರ

ಮೊದಲು ಒಲೆ ಮುಟ್ಟಿ ಆಣೆ ಮಾಡು. ಹಾಗಲ್ಲ, ಬೆರಳ ತುದಿ ತಾಗಿಸಿದ್ರೆ ಆಣೆ ಆಗಲ್ಲ, ಪೂರ್ತಿ ಅಂಗೈ ಇಡು. ಬಿಸಿ ತಾಗ್ತಾ? ತಾಗ್ಲಿ. ಈಗ ಹೇಳೋ ಮಾತು ಈ ಗೋಡೆ ದಾಟಬಾರದು. ಅದರಲ್ಲೂ ಪಕ್ಕದ್ಮನೆ ದೇವೀರಿ ಕಿವಿಗೆ ಬೀಳಲೇಬಾರದು. ಬಿದ್ರೆ ಒಂದು ಹಾಡು ಸಾಯುತ್ತೆ. ಯಾವ ಹಾಡು, ಯಾಕೆ ಸಾಯುತ್ತೆ ಅಂತ ಕೊನೇಲಿ ನಿಂಗೇ ಗೊತ್ತಾಗುತ್ತೆ, ಕೇಳು.

ಈ ಊರಿಗೆ ಬೀದಿ ಇಲ್ಲ, ಬೇಲಿ ಇಲ್ಲ. ಉಪ್ಪುನೀರಲ್ಲಿ ತೇಲೋ ಗುಂಡನೆ ಮನೆಗಳು, ಮನೆಗೊಂದೇ ಕೋಣೆ. ಕೋಣೆ ನಡುವೆ ಒಂದು ಚಾಪೆ ಮರೆ. ಮರೆ ಆಚೆ ತಣ್ಣಗೆ ಯಜಮಾನಿ, ಈಚೆ ಹೊಗೇಲಿ ಒಲೆಯಾಕೆ. ಸೃಷ್ಟಿ ಆದಾಗಿಂದ ಹೀಗೇ ಇತ್ತು ಅನ್ನೋ ಹಾಗೆ ಈಗಿನೋರು ಆಡ್ತಾರೆ. ಇರಲಿಲ್ಲ ಮಾರಾಯ್ತಿ.

ಆಗ ಈ ಮನೆಗಳಲ್ಲಿ ಒಲೆಯೇ ಇರಲಿಲ್ಲ. ಬಾಗಿಲ ಮುಂದೆ ತೇಲಿ ಬಂದದ್ದನ್ನ ಒಳಗೆಳಕೊಂಡು, ಹಸಿಹಸಿ ನುಂಗಿ, ನಡುಗ್ತಾ ಮಲಗೋರು. ಬೆಂಕಿ ಇದ್ದದ್ದು ಬಯಲುನೀರಿನ ಹೆಂಗಸರ ಹತ್ರ. ಅವರಿಗೆ ಮನೆ ಇಲ್ಲ, ಮರೆ ಇಲ್ಲ. ಎಲ್ಲಿ ಅಲೆ ಒಯ್ಯುತ್ತೋ ಅಲ್ಲಿ ಅಡುಗೆ, ಅಲ್ಲೇ ಹಾಡು. ದೇವೀರಿ ಅವ್ವ ಕೆಂಚವ್ವ ಇದಾಳಲ್ಲ, ಯಜಮಾನಿ ಪದ್ದಕ್ಕನ ಮನೆ ಒಲೆಯಾಕೆ, ಅವಳು ಆ ಜಾತಿಯೋಳು. ಪುಟ್ಟ ಹುಡುಗಿಯಾಗಿ ಅವ್ವನ ಬೆನ್ನಿಗಂಟಿಕೊಂಡು ತೇಲ್ತಾ ಹೋಗ್ವಾಗ ಪದ್ದಕ್ಕನ ಅಜ್ಜಿ ಬಾಗಿಲು ತೆಗೆದ್ಳು, ಇಬ್ರನ್ನೂ ಒಳಗೆಳಕೊಂಡ್ಳು. ತಿನ್ನೋಕೇ ಎಳಕೊಂಡದ್ದು, ಅದರಲ್ಲೇನು ಮುಚ್ಚುಮರೆ. ಆದರೆ ಬಾಯಿಗಿಡೋ ಮೊದಲೇ ಮುದುಕಿ ಮೈ ಬೆಚ್ಚಗಾಯ್ತು. "ಇರ್ಲಿ, ನಾಳೆ ತಿಂದ್ರಾಯ್ತು" ಅಂದ್ಳಂತೆ. ಆ ನಾಳೆ ಇವತ್ತಿಗೂ ಬಂದಿಲ್ಲ.

ಅವ್ವನ ಕೊರಳಲ್ಲಿ ಒಂದು ಮಣಿಸರ ಇತ್ತು. ತುದಿ ಇಲ್ಲ, ಮೊದಲಿಲ್ಲ, ಒಂದೇ ಸುತ್ತು. ಒಂದೊಂದು ಮಣಿ ಒಂದೊಂದು ನುಡಿ. ಬೆರಳು ಮಣಿ ಮೇಲೆ ಸರೀತಿದ್ದ ಹಾಗೆ ಹಾಡು ಬರೋದು, ಹಾಡು ಬಂದ ಹಾಗೆ ಕೈಯಲ್ಲಿ ಸಾಮಾನು ಮೂಡೋದು. ಇಕ್ಕಳದ ಹಾಡು ಹಾಡಿದ್ರೆ ಇಕ್ಕಳ, ಊದುಗೊಳವೆ ಹಾಡು ಹಾಡಿದ್ರೆ ಊದುಗೊಳವೆ. ಮಗಳು ಬೆಳೆದ ಮೇಲೆ ಅವ್ವ ಅದೇ ಸರ ನೋಡ್ಕೊಂಡು, ಮಣಿಗೆ ಮಣಿ ಪೋಣಿಸಿ, ಇನ್ನೊಂದು ಸರ ಮಾಡಿ ಕೊಡೋದು ಪದ್ಧತಿ.

ಕೆಂಚವ್ವನಿಗೂ ಹಾಗೇ ಪೋಣಿಸ್ತಿದ್ಳು. ಊದುಗೊಳವೆ ಹಾಡಿನ ನಡುವೆ ಇದ್ದಾಗ ಹುಡುಗಿ ಒಲೆಗೆ ಮೂತಿ ಇಟ್ಕೊಂಡು ಬಗ್ಗಿದ್ಳು. ಅವ್ವ ರಾಗ ಬಿಡದೆ, ಅದೇ ಧಾಟೀಲಿ, "ಕೆಂಚೀ, ಹಿಂದಕ್ಕೆ ಕೂತ್ಕೊ, ಕಿಡಿ ಹಾರುತ್ತೆ" ಅಂದ್ಳು. ಬೆರಳಿಗೇನು ಗೊತ್ತು? ಆ ಮಾತಿಗೂ ಮಣಿ ಪೋಣಿಸಿಬಿಡ್ತು.

"ಅವ್ವಾ, ನನ್ನ ಹೆಸರೂ ಹಾಡಲ್ಲಿ ಸೇರ್ಕೊಳ್ತು!" ಅಂತ ಹುಡುಗಿ ಕುಣಿದ್ಳು.

"ಇರ್ಲಿ ಬಿಡು, ಚೆನ್ನಾಗೇ ಇದೆ" ಅಂದು ಅವ್ವ ನಕ್ಕಳು. ಆ ನಗು ಕೆಂಚವ್ವನಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೇರೆ ಯಾವ ಮಾತಿಗೂ ಅಳದೋಳು, ಅದನ್ನ ನೆನೆಸಿಕೊಂಡ್ರೆ ಮೂಗು ಒರೆಸಿಕೊಳ್ತಾಳೆ.

ಅವ್ವ ಹೋದ್ಳು. ಮರೆ ಹಿಂದೆ ಪದ್ದಕ್ಕ ಯಜಮಾನಿ ಆದ್ಳು. ಪದ್ದಕ್ಕ ಗದರೋ ಹೆಂಗಸಲ್ಲ, ಬಾಯಲ್ಲಿ ಬೆಲ್ಲ ಇಟ್ಕೊಂಡೇ ಮಾತಾಡೋಳು. "ಹೊಗೆಗೆ ಮಣಿ ಕಂದುತ್ತೆ ಕಣೇ. ನನ್ನ ಪೆಟ್ಟಿಗೇಲಿ ತಣ್ಣಗಿರುತ್ತೆ, ಕೊಡು" ಅಂದ್ಳು. ಸುಳ್ಳಲ್ಲ. ಒಲೆ ಶಾಖಕ್ಕೆ ಮಣಿ ಸೀಳ್ತಿದ್ವು, ಬಣ್ಣ ತಿರುಗ್ತಿದ್ವು. ಕೆಂಚವ್ವ ಇಕ್ಕಳದ ಹಾಡನ್ನ ಸರದಿಂದ ಬಿಚ್ಚಿ ಕೊಟ್ಳು. ಮರುದಿನ ಮರೆ ಆಚೆಯಿಂದ ಪದ್ದಕ್ಕನೇ ಹಾಡಿ ಇಕ್ಕಳ ಕಳಿಸಿದ್ಳು. ಅಬ್ಬಾ, ಎಷ್ಟು ಹಗುರ ಅನ್ನಿಸ್ತು ಇವಳಿಗೆ. ಆಮೇಲೆ ಸೌಟಿನ ಹಾಡು ಹೋಯ್ತು, ಬೂದಿ ತೆಗೆಯೋ ಹಾಡು ಹೋಯ್ತು, ಅವ್ವ ಗದರಿದ ಮಾತೂ ಸೇರಿದ ಹಾಗೆ ಊದುಗೊಳವೆ ಹಾಡೂ ಹೋಯ್ತು. ಕೊನೆಗೆ ಒಂದು ಕಡ್ಡಿ ಬೇಕಾದ್ರೂ "ಅಕ್ಕಾ" ಅಂತ ಕೂಗ್ಬೇಕು, ಚಾಪೆ "ಇರು, ಬರುತ್ತೆ" ಅನ್ಬೇಕು.

ಹೆಸರೂ ಹಾಗೇ ಹೋಯ್ತು. ಪದ್ದಕ್ಕನ ಬಾಯಲ್ಲಿ "ಏ ಒಲೆ". ಮಗಳು ದೇವೀರಿ ಬಾಯಲ್ಲಿ "ಅವ್ವ". ಕೆಂಚಿ ಅಂತ ಕರೆಯೋರು ಯಾರೂ ಉಳೀಲಿಲ್ಲ.

ಅವಳ ಹತ್ರ ಮಿಕ್ಕಿದ್ದು ಮೂರೇ ಹಾಡು, ಮೂರು ಒಲೆಗುಂಡಿನದ್ದು. ಅದೂ ಸರವಾಗಿ ಅಲ್ಲ. ದಾರ ಎಂದೋ ಸುಟ್ಟು ಹರಿದಿತ್ತು. ತುಂಡುತುಂಡಾಗಿ ಒಂದು ಕರಟದಲ್ಲಿ ಹಾಕಿಟ್ಟಿದ್ಳು. ಅರ್ಧ ಹಾಡು ಇಲ್ಲಿ, ಕಾಲು ಅಲ್ಲಿ, ಒಂದೇ ತುಂಡು ಹತ್ತಾರು ಸಲ. ಕರಟದಲ್ಲಿ ನೀಲಿ ಮಣಿ ಇದ್ರೂ ಅವಳ ಬಾಯಲ್ಲಿ ಅಲ್ಲಿರಬೇಕಾದ ಕೆಂಪು ಮಣಿಯ ನುಡಿಯೇ ಬರೋದು. ಹ್ಯಾಗೆ ಅಂತ ಕೇಳಿದ್ರೆ "ಒಲೆ ಮುಂದೆ ಕೂತ್ರೆ ತಾನಾಗಿ ಬರುತ್ತಪ್ಪ" ಅಂತಾಳೆ.

ಒಂದಿನ ಮರೆ ಆಚೆ ಊದುಗೊಳವೆ ಹಾಡು ಎದ್ದಿತು. ಕೆಂಚವ್ವ ಜೊತೆಗೆ ಗುನುಗಿದ್ಳು.

"ಏ ಒಲೆ, ಬಾಯಿ ಮುಚ್ಚು! ಅದು ನಮ್ಮ ಮನೆತನದ ಹಾಡು."

"ಅಲ್ಲಕ್ಕಾ, ಅದರಲ್ಲಿ ಕೆಂಚಿ ಅಂತ ಬರುತ್ತಲ್ಲ, ಯಾರವಳು?"

"ನಮ್ಮ ಮೂಲದಮ್ಮ ಕಣೇ. ಈ ಮನೆಗೆ ಬೆಂಕಿ ತಂದ ತಾಯಿ. ಹಾಡೋವಾಗ ಒಲೆಯೋರು ಹಿಂದಕ್ಕೆ ಕೂತ್ಕೊಬೇಕು ಅಂತ ಅಪ್ಪಣೆ ಆಗಿದೆ. ಇಲ್ಲದಿದ್ರೆ ಅವಳ ಕಣ್ಣಿಂದ ಕಿಡಿ ಹಾರುತ್ತೆ. ಕೇಳಿಸ್ತಲ್ಲ? ಸರಿ ಹಿಂದಕ್ಕೆ."

ಕೆಂಚವ್ವ ಹಿಂದಕ್ಕೆ ಸರಿದು ಕೂತ್ಳು. ಸೆರಗು ಬಾಯಿಗಿಟ್ಟುಕೊಂಡು ನಗ್ತಿದ್ಳೋ ಅಳ್ತಿದ್ಳೋ, ಹೊಗೇಲಿ ಕಾಣಲಿಲ್ಲ.

ಅಷ್ಟರಲ್ಲಿ ಮನೆ ಹಿಸೆ ಆಗೋ ಕಾಲ ಬಂತು. ನಮ್ಮೂರ ಮನೆ ಹಿಸೆ ಹ್ಯಾಗೆ ಅಂತ ನೋಡಿದೀಯಲ್ಲ, ಮನೆ ಊದಿಕೊಂಡು, ನಡು ಸಣ್ಣಗಾಗಿ, ಎರಡು ಮನೆಯಾಗಿ ಬೇರೆ ಆಗುತ್ತೆ. ಒಂದರಲ್ಲಿ ಪದ್ದಕ್ಕ, ಇನ್ನೊಂದಕ್ಕೆ ಅವಳ ಮಗಳು. ಅಲ್ಲಿಗೆ ಒಲೆಯಾಕೆ ದೇವೀರಿ. ಮಗಳ ಕೈಗೆ ಅವ್ವನದ್ದು ಅಂತ ಏನಾದ್ರೂ ಕೊಟ್ಟು ಕಳಿಸಬೇಕು ಅನ್ನೋದೊಂದೇ ಕೆಂಚವ್ವನ ಆಸೆ. ಕರಟದ ಮಣಿ ನೆಲಕ್ಕೆ ಸುರುವಿಕೊಂಡು, ತುಂಡು ನೋಡಿ ತುಂಡು ಪೋಣಿಸ್ತಾ ಕೂತ್ಳು.

"ಆ ಕರಟಾನೂ ಕೊಟ್ಟುಬಿಡು. ಎಲ್ಲಾ ನನ್ನ ಪೆಟ್ಟಿಗೇಲಿದ್ರೆ ಎರಡು ಮನೆಗೂ ಸಮ ಹಂಚ್ತೀನಿ" ಅಂದ್ಳು ಪದ್ದಕ್ಕ.

"ಇದೊಂದು ಇರ್ಲಿ ಅಕ್ಕಾ. ನನ್ನ ಮಗಳಿಗೆ."

"ಮಗಳಿಗೆ ಏನು ಕಮ್ಮಿ ಮಾಡ್ತೀನಿ? ಪಕ್ಕದ್ಮನೇಲಿ ನೋಡು, ಒಂದು ಮಣಿ ಉಳಿಸ್ಕೊಳ್ಳದೆ ಎಲ್ಲಾ ಕೊಟ್ಟು ಆರಾಮಾಗಿದಾರೆ."

ಪಕ್ಕದ್ಮನೆ ಅಂದ್ರೆ ಇದೇ, ನಮ್ಮನೆ. ಆರಾಮಾಗಿದೀವೋ ಇಲ್ವೋ, ಒಲೆಯಂತೂ ಉರೀತಿದೆ. ಅದಿರ್ಲಿ.

ಕೇಳಿದ್ದು ಸಿಗದಿದ್ರೆ ಪದ್ದಕ್ಕ ಬಿಡೋ ಪೈಕಿ ಅಲ್ಲ. ಕರಟ ಕಿತ್ಕೊಂಡು ಹೋದ್ಳು. ಮಣಿ ತೊಳೆದು, ಬಣ್ಣ ಜೋಡಿಸಿ, ಸಾಲಾಗಿ ಇಟ್ಕೊಂಡು ಹಾಡಿದ್ಳು. ಗುಂಡೂ ಆಯ್ತು, ಸೊಟ್ಟಗೆ. ಆದರೆ ಒಲೆಗುಂಡು ಹುಟ್ಟೋದೇ ಬಿಸಿಯಾಗಿ, ಅಂಟಂಟಾಗಿ. ಹುಟ್ಟಿದ ಜಾಗದಲ್ಲೇ ಕೂರಬೇಕು ಅದು. ಈಚೆಗೆ ತಳ್ಳೋಕೆ ಹೋದ್ರೆ ಚಾಪೆಗಂಟಿಕೊಂಡು, ಚಾಪೆ ಸುಟ್ಟು, ಇಷ್ಟಗಲ ತೂತು ಬಿತ್ತು.

"ತಗೋ ನಿನ್ನ ದರಿದ್ರ ಕರಟ! ನೀನೇ ಇಟ್ಕೊ!"

ಎಸೆದ ಕರಟ ಆ ತೂತಿಂದಲೇ ಬಂತು. ಕೆಂಚವ್ವ ಮಣಿ ಆರಿಸ್ತಾ ತಲೆ ಎತ್ತಿದ್ಳು. ತೂತಿನಾಚೆ ಪದ್ದಕ್ಕನ ಕೊರಳು ಕಾಣಿಸ್ತು. ಕೊರಳಲ್ಲಿ ಅವ್ವನ ಮಣಿ. ಒಂದೂ ಸೀಳಿಲ್ಲ, ಒಂದೂ ಕಂದಿಲ್ಲ, ಅವ್ವ ಪೋಣಿಸಿದ ದಿನ ಇದ್ದ ಹಾಗೇ.

ಅಕ್ಕಾ, ಆ ಹಾಡು ನಮ್ಮವ್ವಂದು, ಆ ಕೆಂಚಿ ನಾನೇ, ಅದನ್ನ ನನ್ನ ಮಗಳಿಗೆ ಕೊಡು. ಇಷ್ಟೂ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಹೇಳಿದ್ರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿತ್ತು. ಒಲೆಯೋಳ ಹೆಸರು ನಮ್ಮ ಹಾಡಲ್ಲಿ ಯಾಕೆ ಅಂತ ಪದ್ದಕ್ಕ ಆ ಕ್ಷಣವೇ ಆ ಮಣಿಗಳನ್ನ ಕಿತ್ತು ನೀರಿಗೆ ಹಾಕ್ತಿದ್ಳು. ಅವ್ವನ ದನಿ ಅಲ್ಲಿಗೆ ಮುಗೀತಿತ್ತು. ಆ ಮನೇಲಿ ಎಲ್ಲರೂ ಏನೇನೋ ನುಂಗಿದೋರೇ. ಇವಳು ತನ್ನ ಹೆಸರು ನುಂಗಿದ್ಳು.

ಹಿಸೆ ಆಯ್ತು. ದೇವೀರಿ ಒಂದು ಕರಟ ಮಣಿ ಹಿಡ್ಕೊಂಡು ಹೊಸ ಮನೆಗೆ ಹೋದ್ಳು. ಪದ್ದಕ್ಕನ ಮಗಳು ಅಲ್ಲಿ ಕೆಂಚಿಯಮ್ಮನ ಪೂಜೆ ಇಟ್ಟಿದಾಳೆ. ಹಾಡು ಶುರುವಾದ್ರೆ ದೇವೀರಿ ಹಿಂದಕ್ಕೆ ಸರಿದು ಕೂತು, ಕಣ್ಣು ಮುಚ್ಚಿ ಕೈ ಮುಗೀತಾಳೆ. "ಅವ್ವಾ, ನೀನೂ ಆ ತಾಯಿಗೆ ನಡ್ಕೊ, ಒಳ್ಳೇದಾಗುತ್ತೆ" ಅಂತ ಹೇಳಿ ಕಳಿಸಿದಾಳೆ. ಕೆಂಚವ್ವ "ಹ್ಞೂಂ" ಅಂದ್ಳಂತೆ.

ಇದನ್ನ ಕೆಂಚವ್ವನೇ ಇಲ್ಲಿ ಕೂತು, ಹೀಗೇ ಒಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡು ಹೇಳಿದ್ದು. ನಿಂಗೆ ಹೇಳಿದ್ರೆ ಆಣೆ ಮುರಿದ ಹಾಗಾಗಲ್ಲ, ನೀನೂ ಆಣೆ ಇಟ್ಟಿದೀಯಲ್ಲ. ಇನ್ನೂ ಒಂದು ಮಾತಿದೆ ಕೇಳು, ಮೊನ್ನೆ ಆ ಪದ್ದಕ್ಕ...

ತಡಿ. ಬಾಗಿಲ ಹತ್ರ ನೀರು ಕದಡ್ತು. ಯಾರೋ ಬಂದ್ರು. ಒಲೆ ಮೇಲಿಂದ ಕೈ ತೆಗಿ, ಬೇಗ.

ಓ, ದೇವೀರಿಯಾ! ಬಾರೇ, ಬಾ. ನಿನ್ನ ಸುದ್ದಿ ಯಾಕೆ ಆಡ್ತೀವಿ, ಸುಮ್ನೆ ಮೈ ಕಾಯಿಸ್ಕೊತಿದ್ವಿ. ಏನು ತಂದೆ, ಕೆಂಚಿಯಮ್ಮನ ಪ್ರಸಾದವಾ? ಕೊಡು, ಕಣ್ಣಿಗೊತ್ತಿಕೊಳ್ತೀನಿ. ಅದ್ಯಾಕೆ ಅಲ್ಲಿ ಮೂಲೇಲಿ ಕೂತೆ? ಚಳಿ ಇದೆ, ಒಲೆ ಹತ್ರ ಬಾ.

ಏನಂದೆ? ಕಿಡಿ ಹಾರುತ್ತೆ ಅಂತಲಾ?